ವೈನಿಯ ಕಾಲಿಗೆ ಹುಡುಕಿದ ಅಂಟು

ಹೋದ ವಾರ ಬಾಗಲಕೋಟೆಯ ನಮ್ಮ ಮನೆಯಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಸೀಳಿತು. ಅಂಗಡಿಯವನು ಎರಡು ಸಣ್ಣ ಬಾಟಲಿಗಳ ಪೊಟ್ಟಣವೊಂದನ್ನು ಕೊಟ್ಟು, ಈ ಜಾತಿಯ ಪ್ಲಾಸ್ಟಿಕ್ಕಿಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಮೊದಲು ಇದನ್ನು ಒರೆಸಿ, ಆಮೇಲೆ ಅದನ್ನು ಹಚ್ಚಿ ಎಂದ. ಮನೆಗೆ ಬಂದು ಮೊದಲ ಬಾಟಲಿಯ ಬಿರಡೆ ತೆಗೆದೆ. ಸೀಮೆಎಣ್ಣೆಯಲ್ಲಿ ಕರ್ಪೂರ ಕಲೆಸಿದಂಥ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲಿಗೇ ನಿಂತಿತು. ಆ ವಾಸನೆ ನನಗೆ ಹೊಸದಲ್ಲ... ಇಳಕಲ್ಲಿನ ಒಂದು ಕಟ್ಟೆಯ ಮೇಲೆ, ಒಂದು ಸಂಜೆ, ಅದನ್ನು ಮೂಗು ತುಂಬ ಕುಡಿದಿದ್ದೆ.

ಆಗ ನಾನು ಇಳಕಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ನೇಕಾರರ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಎದುರುಮನೆಯ ಹೆಣ್ಣುಮಗಳು ನನಗಿಂತ ತುಸು ದೊಡ್ಡವಳು. ನಾನು ಅವಳನ್ನು ಅತ್ತಿಗೆಯೆಂದು ಬಗೆದು ವೈನಿ ಎನ್ನುತ್ತಿದ್ದೆ, ಪಾಠ ಹೇಳುವವಳೆಂದು ಅವಳು ನನ್ನನ್ನು ಅಕ್ಕೋರು ಎನ್ನುತ್ತಿದ್ದಳು. ಗುಳೇದಗುಡ್ಡದಲ್ಲಿ ಮಗ್ಗದ ಸದ್ದಿನೊಳಗೇ ಹುಟ್ಟಿದವಳು. ನಡೆಯಲು ಕಲಿಯುವ ಮೊದಲೇ ಪೋಲಿಯೋ ಬಂದು ಬಲಗಾಲು ಸೊರಗಿಹೋಗಿತ್ತು. ಮೊಣಕಾಲ ಮೇಲೆ ಬಲಗೈ ಊರಿ, ಬಗ್ಗಿ ಬಗ್ಗಿ ನಡೆಯುತ್ತಲೇ ದೊಡ್ಡವಳಾಗಿದ್ದಳು.

ಮದುವೆಯಾಗಿ ಬಂದ ಮೇಲೆ ಗಂಡ ಅವಳನ್ನು ಯಾವುದೋ ಶಿಬಿರಕ್ಕೆ ಕರೆದೊಯ್ದು ಕಾಲಪಟ್ಟಿ ಮಾಡಿಸಿದ್ದ. ಅಂಗಾಲಿನಿಂದ ಮೊಣಕಾಲಿನ ತನಕ ಬರುವ, ಅವಳ ಕಾಲಿನ ಅಳತೆಗೇ ಕಾಸಿ ಬಗ್ಗಿಸಿದ ಹಾಲಿನ ಬಣ್ಣದ ಪ್ಲಾಸ್ಟಿಕ್ಕು. ಅದನ್ನು ಕಟ್ಟಿಕೊಂಡರೆ ಮೊಣಕಾಲಿಗೆ ಕೈ ಊರಬೇಕಿರಲಿಲ್ಲ.

"ಮಂದಿಗೆ ಹುಟ್ಟಿದಾಗಿಂದ ಎರಡು ಕೈ ಇರತಾವ್ರಿ ಅಕ್ಕೋರ. ನನಗ ಲಗ್ನ ಆದ ಮ್ಯಾಲೆ ಬಂದುವು," ಎಂದು ಒಮ್ಮೆ ನಕ್ಕಿದ್ದಳು. ಆ ಎರಡು ಕೈಗಳಲ್ಲಿ ಅವಳು ಮಗಳನ್ನು ಎತ್ತಿಕೊಂಡಳು, ತುಂಬಿದ ಕೊಡ ಹೊತ್ತಳು, ಹಿತ್ತಲಿನ ಒಲೆಯ ಮೇಲೆ ರೇಷ್ಮೆ ನೂಲಿಗೆ ಬಣ್ಣ ಕಾಸಿದಳು.

ಅವಳ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ. ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ಅವನ ಕೆಲಸ. ಕೆಂಪು ಕಲ್ಲಿನ ಹಾಸುಗಳಲ್ಲಿ ಬಿರುಕಿದ್ದರೆ ಅದಕ್ಕೆ ಅಂಟು ತುಂಬಿ, ಬಿರುಕಿತ್ತೆಂಬುದೇ ಕಾಣದಂತೆ ಉಜ್ಜುತ್ತಿದ್ದ. ಮೈ ತುಂಬ ಕಲ್ಲಿನ ಧೂಳು, ಬಾಯಲ್ಲಿ ಮಾತು ಕಮ್ಮಿ.

ಒಂದು ಬೇಸಿಗೆಯಲ್ಲಿ ಕಾಲಪಟ್ಟಿ ಹಿಮ್ಮಡಿಯ ಹತ್ತಿರ ಸೀಳಿತು. ಬಾಗಲಕೋಟೆಯ ದವಾಖಾನೆಗೆ ಹೋದರು. ಅಳತೆ ತೆಗೆದುಕೊಂಡು, ಹೊಸದು ಬೇರೆ ಊರಿನಿಂದ ಬರಬೇಕು, ತಡವಾಗುತ್ತದೆ ಎಂದರು. ವೈನಿಯ ಕೈ ಮತ್ತೆ ಮೊಣಕಾಲಿಗೆ ಇಳಿಯಿತು. ಮಗಳು ಎತ್ತಿಕೋ ಎಂದು ಕೈ ಚಾಚಿ ಅತ್ತರೆ ಅವಳು ನೆಲಕ್ಕೆ ಕೂತು ತಬ್ಬಿಕೊಳ್ಳುತ್ತಿದ್ದಳು.

"ಕಲ್ಲ ಹತ್ತತಾವ, ಇದೇನ್ ದೊಡ್ಡದು?" ಎಂದು ಅಣ್ಣ ಕಾರ್ಖಾನೆಯಿಂದ ಕಲ್ಲಿನ ಅಂಟು ತಂದ. ಮರುದಿನ ಅದು ಒಣಗಿದ ಗಾಯದ ಹೆಕ್ಕಳದಂತೆ ಪೂರ್ತಿ ಎದ್ದುಬಂತು. ಬೆರಳಿಗೆ ಬೆರಳು ಅಂಟಿಸುವ ಸಣ್ಣ ಟ್ಯೂಬಿನ ಅಂಟು ತಂದ. ಎಣ್ಣೆ ಸವರಿದ ಹಂಚಿನ ಮೇಲಿನ ನೀರಿನಂತೆ ಅದು ಹನಿ ಹನಿಯಾಗಿ ನಿಂತಿತು. ಉಸುಕಿನ ಕಾಗದದಿಂದ ಉಜ್ಜಿ ಒರಟು ಮಾಡಿ ನೋಡಿದ. ಕಬ್ಬಿಣ ಕಾಸಿ ಸೀಳನ್ನು ಕರಗಿಸಿ ಬೆಸೆಯೋಣವೆಂದರೆ, ಒಡೆದ ಡಬ್ಬಿಯೊಂದರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಬೆಸುಗೆ ಹಪ್ಪಳದಂತೆ ಮುರಿಯಿತು. ಕಲ್ಲನ್ನು ಒಂದಾಗಿಸಿದ ಮನುಷ್ಯ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ಕಿನ ಮುಂದೆ ಸೋತು ಕೂತಿದ್ದ...

ಕಡೆಗೆ ಕಲ್ಲು ಸಾಗಿಸುವ ಲಾರಿಯ ಡ್ರೈವರ್ ಹುಬ್ಬಳ್ಳಿಯಿಂದ ಎರಡು ಬಾಟಲಿಗಳನ್ನು ತಂದುಕೊಟ್ಟ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅಣ್ಣ ಮೊದಲನೆಯದನ್ನು ಒರೆಸಿದ, ಎರಡನೆಯದನ್ನು ಹಚ್ಚಿ, ಹಗ್ಗ ಬಿಗಿದು ಇಟ್ಟ. ಮರುದಿನ ಓಣಿಯವರೆಲ್ಲ ನೋಡುತ್ತಿರುವಾಗ ಅದನ್ನು ತೊಡೆಗೆ ಒತ್ತಿ ಬಗ್ಗಿಸಿದ, ಎಳೆದ, ತಿರುವಿದ. ಬಿಡಲಿಲ್ಲ.

"ಬರೇ ನಡ್ಯಾಕ ಐತಿ ನೋಡ. ಹೊರಾಕ ಅಲ್ಲ," ಎಂದು ಹೆಂಡತಿಗೆ ಹೇಳಿದ. ವೈನಿ ಹೂಂಗುಟ್ಟಿದಳು.

ಕೆಲವು ವಾರ ಅದು ಹಿಡಿಯಿತು. ಅವಳು ನಡೆದಳು. ನಡೆಯುವವಳು ಎಷ್ಟು ದಿನ ಬರಿಗೈಯಲ್ಲಿ ನಡೆದಾಳು? ಒಂದು ಮುಂಜಾನೆ ಅಣ್ಣ ಕೆಲಸಕ್ಕೆ ಹೋಗಿದ್ದ. ಬಣ್ಣದ ಪಾತ್ರೆ ಒಲೆಯ ಮೇಲೆ ಕುದಿ ಹತ್ತಿತ್ತು. ಇನ್ನು ಇಳಿಸದಿದ್ದರೆ ನೂಲು ಕೆಡುತ್ತದೆಂದು ವೈನಿ ಎರಡೂ ಕೈಯಿಂದ ಪಾತ್ರೆಯನ್ನು ಎತ್ತಿದಳು. ನಾನು ಶಾಲೆಗೆ ಹೊರಟು ಬೀಗ ಹಾಕುತ್ತಿದ್ದೆ. ಪಾತ್ರೆ ಬಿದ್ದ ಸದ್ದು ಕೇಳಿತು, ಆಮೇಲೆ ಅವಳ ದನಿ... ಅದನ್ನು ಬರೆಯಲಾರೆ. ಅವರ ಮನೆಯೊಳಗೆ ಓಡಿದಾಗ ಹಿತ್ತಲ ತುಂಬ ಕೆಂಪು ನೀರು, ಹಬೆ. ಅದು ಬಣ್ಣವೋ ರಕ್ತವೋ ತಿಳಿಯಲಿಲ್ಲ. ಮಗಳು ಬಾಗಿಲಲ್ಲೇ ನಿಂತಿದ್ದಳು, ಅವಳಿಗೇನೂ ಆಗಿರಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಕಾಲಪಟ್ಟಿಯನ್ನು ಬಿಚ್ಚಿ, ಒಂದು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ತೆರೆದು ನೋಡಿದೆ. ಬೇರೆಲ್ಲೂ ಏನೂ ಆಗಿರಲಿಲ್ಲ. ಹಚ್ಚಿದಲ್ಲೇ ಬಿಟ್ಟುಕೊಂಡು, ಅಂಟು ಸೀಳಿನ ಒಂದು ಅಂಚಿಗೆ ಪದರಿನಂತೆ ಉಳಿದಿತ್ತು, ಇನ್ನೊಂದು ಅಂಚು ಸುಲಿದ ತತ್ತಿಯಂತೆ ನುಣ್ಣಗಿತ್ತು.

ಮರುದಿನ ಅಣ್ಣ ಔಷಧ ತರಲು ಹೊರಗೆ ಹೋದಾಗ ವೈನಿ ಕಣ್ಣು ತೆರೆದಳು. ಸುಟ್ಟ ಮೈಗೆಲ್ಲ ಬಟ್ಟೆ ಸುತ್ತಿದ್ದರು, ತುಟಿ ಮಾತ್ರ ಅವಳದಾಗಿತ್ತು.

"ಅಕ್ಕೋರ, ಅಂಟು ಬಿಟ್ಟಿದ್ದು ನನಗ ಗೊತ್ತಾತ್ರಿ. ಅವರಿಗೆ ಹೇಳಬ್ಯಾಡ್ರಿ. ಪಟ್ಟಿ ಬ್ಯಾರೆ ಕಡೆ ಮುರೀತು ಅನ್ರಿ."

"ಆತು ವೈನಿ, ಈಗ ಮಾತಾಡಬ್ಯಾಡ."

"ನನ್ನ ಆಣಿ ಮಾಡ್ರಿ. ತಾ ಕೊಂದೆ ಅಂತ ತಿಳದ್ರ ಅವರು ಉಳಿಯಂಗಿಲ್ಲ. ಕೂಸಿಗೆ ಯಾರದಾರ?"

ಆಣೆ ಮಾಡಿದೆ. ಆ ವಾರ ಕಳೆಯುವ ಮೊದಲೇ ಅವಳು ಹೋದಳು.

ಮಣ್ಣು ಮಾಡಿ ಬಂದ ದಿನವೇ ಅಣ್ಣ ನನ್ನ ಬಾಗಿಲಿಗೆ ಬಂದ. ಅತ್ತಿರಲಿಲ್ಲ. "ನಾ ಹಚ್ಚಿದ್ದು ಬಿಟ್ಟಿತ್ತೇನ್ರಿ?" ಎಂದಷ್ಟೇ ಕೇಳಿದ. ಇಲ್ಲ ಅಣ್ಣ, ನಿನ್ನ ಅಂಟು ಹಾಗೇ ಇತ್ತು, ಪ್ಲಾಸ್ಟಿಕ್ಕೇ ಮೇಲೆ ಬೇರೆ ಕಡೆ ಮುರಿದಿತ್ತು ಎಂದೆ. ಪಟ್ಟಿ ಎಲ್ಲಿ ಎಂದದ್ದಕ್ಕೆ, ದವಾಖಾನೆಯವರು ಎಸೆದರು ಎಂದೆ. ಅದು ನನ್ನ ಟ್ರಂಕಿನ ತಳದಲ್ಲಿತ್ತು. ಎಸೆಯಲು ಕೈ ಬಂದಿರಲಿಲ್ಲ, ಅದಕ್ಕೆ ಅವಳ ಕಾಲಿನ ಆಕಾರವಿತ್ತು. ಅಣ್ಣ ಗೋಡೆಗೆ ಒರಗಿ ಕುಸಿದು ಕೂತು, ಆಗ ಅತ್ತ. ವೈನಿ ಹೇಳಿದ್ದು ಖರೆ ಎನಿಸಿತು. ಆ ಸುಳ್ಳಿನ ಮೇಲೆ ಅವನು ಬದುಕಿದ, ಮಗಳಿಗೆ ಜಡೆ ಹಾಕುವುದನ್ನು ಕಲಿತ, ಅವಳನ್ನು ನಮ್ಮ ಶಾಲೆಗೆ ಸೇರಿಸಿದ.

ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ರವಿವಾರ ಅಣ್ಣ ರಸ್ತೆ ದಾಟಿ ಬಂದ. ಅವನ ಮುಖದಲ್ಲಿ ಅಷ್ಟು ಗೆಲುವನ್ನು ವೈನಿ ಹೋದ ಮೇಲೆ ನಾನು ಕಂಡೇ ಇರಲಿಲ್ಲ.

"ಗುಡೂರಿಂದ ಒಬ್ಬಾಂವ ಬಂದಿದ್ದ ಅಕ್ಕೋರ. ಮಗಳಿಗೆ ನಮ್ಮಾಕಿ ಗತೆನ ಕಾಲು. ಪಟ್ಟಿ ಸೀಳೇತಿ. ನಾ ಅದ ಅಂಟು ತರಿಸಿ ಹಚ್ಚಿ ಕೊಟ್ಟೆ. ನಮ್ಮಾಕಿದು ಕಡೀತನಕ ಬಿಟ್ಟಿದ್ದಿಲ್ಲಲ್ಲ!"

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಒಂದು ಕಡೆ ಸತ್ತವಳ ಆಣೆ, ಇನ್ನೊಂದು ಕಡೆ ನಾನು ಕಾಣದ ಒಂದು ಹುಡುಗಿ ಎಲ್ಲೋ ತುಂಬಿದ ಕೊಡ ಎತ್ತುತ್ತಿದ್ದಾಳೆ... ಬಹಳ ಹೊತ್ತು ಕೂರಲಾಗಲಿಲ್ಲ. ಟ್ರಂಕು ತೆರೆದು ಚೀಲ ತೆಗೆದುಕೊಂಡು ಎದುರುಮನೆಗೆ ಹೋದೆ.

ಅಣ್ಣ ಕಾಲಪಟ್ಟಿಯನ್ನು ಕೈಗೆ ತೆಗೆದುಕೊಂಡ. ಕಲ್ಲಿನ ಬಿರುಕು ಹುಡುಕುವ ಹೆಬ್ಬೆರಳು ಆ ನುಣ್ಣನೆಯ ಅಂಚಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಆಕಿಗೆ ಗೊತ್ತಿತ್ತ?"

"ಗೊತ್ತಿತ್ತು ಅಣ್ಣ. ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು."

ಅವನು ನನ್ನನ್ನು ನೋಡಲಿಲ್ಲ. ಪಟ್ಟಿಯನ್ನು ಗೋಡೆಯ ಮಾಡದಲ್ಲಿಟ್ಟು, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಹೊರಬಿದ್ದು, ಪಕ್ಕದವರ ಗಾಡಿ ತೆಗೆದುಕೊಂಡು ಗುಡೂರಿಗೆ ಹೋದ. ತಾನು ಅಂಟಿಸಿದ್ದನ್ನು ಆ ಹುಡುಗಿಯ ಕಾಲಿನಿಂದ ಬಿಚ್ಚಿಸಿದ. ಮರುದಿನ ಅವಳನ್ನೂ ಅವಳ ಅಪ್ಪನನ್ನೂ ಬಾಗಲಕೋಟೆಗೆ ಕರೆದೊಯ್ದ. ಹೊಸದು ಬರುವ ತನಕ ದವಾಖಾನೆಯ ಬಾಗಿಲು ಸವೆಸಿದನೆಂದು ಆಮೇಲೆ ಓಣಿಯವರಿಂದ ತಿಳಿಯಿತು. ನನ್ನೊಡನೆ ಮಾತ್ರ ಮತ್ತೆ ಮಾತಾಡಲಿಲ್ಲ. ನನ್ನ ಬಾಗಿಲು ತೆರೆದಿದ್ದರೆ ಓಣಿಯ ಆ ತುದಿಯಿಂದ ಸುತ್ತಿಕೊಂಡು ಹೋಗುತ್ತಿದ್ದ. ನನ್ನ ಮದುವೆಯಾಯಿತು, ಬಾಗಲಕೋಟೆಗೆ ಬಂದೆ.

ಈ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ಕಲ್ಲಿನ ಧೂಳು ಅವನ ಎದೆಯನ್ನು ತಿಂದಿತ್ತು, ಕಡೆಗೆ ಎರಡು ಮಾತಾಡಿದರೆ ಏದುಸಿರು ಹತ್ತುತ್ತಿತ್ತಂತೆ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದಾಗ ಮಗಳೊಬ್ಬಳೇ ಮನೆಯಲ್ಲಿದ್ದಳು. ಕೆನ್ನೆಯ ಮೂಳೆ ಥೇಟ್ ವೈನಿಯದು. ಚಹಾ ಕೊಟ್ಟು ಎದುರಿಗೆ ಕೂತಳು.

"ಅಪ್ಪಾ ನಿಮ್ಮ ಸುದ್ದಿ ತಗದ್ರ ಎದ್ದು ಹೋಗತಿದ್ರು. ಏನಾಗಿತ್ರಿ ಅಕ್ಕೋರ ನಿಮ್ಮಿಬ್ಬರ ನಡುವ?"

ಎಲ್ಲವನ್ನೂ ಹೇಳಿದೆ. ಅವಳು ನನ್ನ ಖಾಲಿ ಕಪ್ಪನ್ನು ತೆಗೆದು ಪಕ್ಕಕ್ಕಿಟ್ಟಳು.

"ಮಣ್ಣಿಗೆ ಗುಡೂರಿಂದ ಒಬ್ಬಾಕಿ ಬಂದಿದ್ಲ್ರಿ, ಕಾಲಿಗೆ ಪಟ್ಟಿ ಕಟಗೊಂಡು. ನನಗಿಂತ ಭಾಳ ಅತ್ತಳು. ಯಾರು ಈಕಿ ಅಂತ ಎಲ್ಲಾರೂ ಕೇಳತಿದ್ರು. ಈಗ ಗೊತ್ತಾತು."

ಆಮೇಲೆ ಅವಳೂ ಅತ್ತಳು. ಯಾರನ್ನು ನೆನೆದು ಅತ್ತಳೋ, ನಾನು ಕೇಳಲಿಲ್ಲ.

ಅಣ್ಣನನ್ನು ವೈನಿಯ ಪಕ್ಕದಲ್ಲೇ ಮಣ್ಣು ಮಾಡಿದ್ದಾರೆ. ಬಸ್ಸು ಹತ್ತುವ ಮೊದಲು ಅಲ್ಲಿಗೆ ಹೋಗಿ ನಿಂತಿದ್ದೆ. ಅವಳ ಗೋರಿಯ ಮಣ್ಣು ಎಂದೋ ನೆಲಕ್ಕೆ ಸರಿಸಮವಾಗಿದೆ, ಇವನದು ಇನ್ನೂ ಹಸಿ. ಅಂದು ಅವನಿಗೆ ನಿಜ ಹೇಳಿದ್ದು ತಪ್ಪಲ್ಲವೆಂದು ನನಗೆ ಗೊತ್ತು. ಆದರೂ ಅವಳಿಗೆ ಕೊಟ್ಟ ಮಾತು ನನ್ನ ಬಾಯಿಂದಲೇ ಮುರಿಯಿತು, ಅದರ ನೋವನ್ನು ಅವನು ಸಾಯುವ ತನಕ ಒಬ್ಬನೇ ಉಂಡ... ನನ್ನ ಮೇಲೆ ಅವರಿಬ್ಬರಿಗೂ ಸಿಟ್ಟು ಉಳಿದಿತ್ತೇ ಎಂದು ಕೇಳೋಣವೆಂದರೆ, ಈಗ ಇಬ್ಬರೂ ಇಲ್ಲ.