ಉಡಿಯ ಅಕ್ಕಿ, ಗುಡಿಯ ಭಂಡಾರ

ನಮ್ಮ ವಾರ್ಡಿನಲ್ಲಿ ಪಂಚಾಯಿತಿ ಓಟು ನಡೆಯುವುದು ಆಗದ ಮಾತು ಎಂದು ಹೇಳಿದವನು ನನ್ನ ಸೋದರಮಾವ. ಹಿರಿಯರು ಎಂದೇ ಊರೆಲ್ಲ ಕರೆಯುವ ನಮ್ಮ ಓಣಿಯ ಯಜಮಾನರೂ ಅದನ್ನೇ ಹೇಳುತ್ತಿದ್ದರು, ಪಂಚಾಯಿತಿ ಗುಮಾಸ್ತನೂ ನಗುತ್ತ ಅದನ್ನೇ ಹೇಳಿದ. ಅವರ ಮಾತು ನನಗೆ ತಾಗಲಿಲ್ಲ. ಮಾವನದು ತಾಗಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಬಗಲಲ್ಲಿ ಎತ್ತಿಕೊಂಡು ತವರಿಗೆ ಬಂದಾಗ ಬಾಗಿಲು ತೆಗೆದವನು ಅವನು. ನನ್ನನ್ನು ಸಾಲಿಗೆ ಹಚ್ಚಿದವನು, ಇಳಕಲ್ಲಿನ ಕಾಲೇಜಿಗೆ ಹೋಗುತ್ತೇನೆ ಎಂದಾಗ ಎರಡು ಟಗರು ಮಾರಿ, ಒಂದು ಕಂಬಳಿ ಮಡಚಿಕೊಟ್ಟು, ಕುಳಗೇರಿ ಕ್ರಾಸಿನವರೆಗೆ ನಡೆದು ಬಂದು ಬಸ್ಸು ಹತ್ತಿಸಿದವನು ಅವನು.

"ಓಟು ಅಂದ್ರ ಊರು ಎರಡಾಗೂದು, ಯವ್ವಾ," ಅಂದ. "ನಾವು ಕುರಿ ಹೊಡಕೊಂಡು ಹೋದ್ರ ತಿರುಗಿ ಬರೂದು ಎಷ್ಟು ತಿಂಗಳಿಗೆ? ಮನಿ ಕೀಲಿ ಯಾರ ಕೈಯಾಗ ಕೊಟ್ಟು ಹೋಗ್ತೀವಿ? ಬಾಜೂ ಮನಿಯವ್ರ ಕೈಯಾಗ. ಇವತ್ತ ಅವ್ರ ಎದುರು ಓಟು ಹಾಕಿ, ನಾಳಿ ಕೀಲಿ ಹೆಂಗ ಕೊಡ್ತಿ?"

ನನ್ನ ಬಿ.ಎ. ಪುಸ್ತಕಗಳಲ್ಲಿ ಬಾಜೂ ಮನೆಯ ಕೀಲಿಯ ಪಾಠ ಇರಲಿಲ್ಲ.

ನಮ್ಮಲ್ಲಿ ಪಂಚಾಯಿತಿ ಸದಸ್ಯರನ್ನು ಆರಿಸುತ್ತಿದ್ದ ರೀತಿ ಬೇರೆ. ಬೀರಪ್ಪನ ಗುಡಿಯ ಅರಿಷಿಣ ಪುಡಿಗೆ ನಾವು ಭಂಡಾರ ಅನ್ನುತ್ತೇವೆ. ಚುನಾವಣೆ ಬಂತೆಂದರೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಒಂದು ಹೆಸರು ಹೇಳುತ್ತಾರೆ. ಪೂಜಾರಿ ಭಂಡಾರದ ಚೀಲ ಬಿಚ್ಚುತ್ತಾನೆ. ಮನೆಗೊಬ್ಬ ಗಂಡಸು ಮುಂದೆ ಬಂದು ಅಂಗೈಯಲ್ಲಿ ಅದನ್ನು ಹಿಡಿದು ಹಣೆಗೆ ಹಚ್ಚಿಕೊಳ್ಳುತ್ತಾನೆ. ಅಷ್ಟಾದರೆ ಆಣೆ ಬಿದ್ದಂತೆ. ಆ ಹೆಸರಿನ ಎದುರು ಯಾರೂ ನಿಲ್ಲುವುದಿಲ್ಲ, ಯಾರೂ ಬಾಯಿ ಬಿಡುವುದಿಲ್ಲ. ಆ ಪೂಜಾರಿ ನನ್ನ ಮಾವನೇ.

ದಿಲ್ಲಿಯ ಓಟು ನಮ್ಮೂರಿಗೆ ಯಾವತ್ತೋ ಬಂದಿತ್ತು, ಬೆಂಗಳೂರಿನದೂ ಬಂದಿತ್ತು. ಅವೆರಡಕ್ಕೂ ಊರು ಬನಶಂಕರಿ ಜಾತ್ರೆಗೆ ಹೊರಟ ಹಾಗೆ ತೊಳೆದ ಸೀರೆ ಉಟ್ಟು ಪಾಳಿ ಹಚ್ಚುತ್ತಿತ್ತು. ನಮ್ಮ ಓಣಿಯ ಗಟಾರ ಯಾರು ಬಳಿಸಬೇಕು, ನಳದ ನೀರು ಯಾರು ಬಿಡಿಸಬೇಕು ಅನ್ನುವ ಓಟು ಮಾತ್ರ ಗುಡಿಕಟ್ಟೆಯ ಮುಂದೆ ಬಂದು ನಿಂತುಬಿಟ್ಟಿತ್ತು. ದೂರದವರನ್ನು ಆರಿಸಲು ನಾವು ಶ್ಯಾಣ್ಯಾರು, ಬಾಜೂದವರನ್ನು ಆರಿಸಲು ಅಲ್ಲ.

ನಾನು ನಿಲ್ಲುತ್ತೇನೆ ಎಂದದ್ದು ದೊಡ್ಡ ವಿಚಾರಕ್ಕಲ್ಲ, ಒಂದು ಬಾಗಿಲಿಗೆ. ಓಣಿಯ ಹೆಂಗಸರಿಗೆಂದು ಪಂಚಾಯಿತಿ ಕಟ್ಟಿಸಿದ ಶೌಚಾಲಯಕ್ಕೆ ಗೋಡೆ ಎದ್ದಿತ್ತು, ಬಾಗಿಲು ಬಂದಿರಲಿಲ್ಲ. ಅವಿರೋಧವಾಗಿ ಆರಿಸಿ ಬಂದ ಹಿರಿಯರು ಅದರೊಳಗೆ ತಮ್ಮ ಎತ್ತಿನ ಮೇವಿಗೆಂದು ಜೋಳದ ಕಣಿಕೆ ಒಟ್ಟಿಸಿದ್ದರು. ಅವ್ವ ಆ ಗೋಡೆ ದಾಟಿ, ಸೆರಗು ಮುಖಕ್ಕೆ ಎಳೆದುಕೊಂಡು, ಚಂಬು ಹಿಡಿದು ರಸ್ತೆಯ ಅಂಚಿಗೆ ಹೋಗುವುದನ್ನು ಪದವಿ ಮುಗಿಸಿ ಬಂದ ಮೇಲೂ ನೋಡುತ್ತ ಕೂತಿದ್ದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಬಾಗಲಕೋಟೆಯಿಂದ ಪದವಿ ಪತ್ರ ತಂದ ದಿನ ಮಾವ ಅದನ್ನು ಗುಡಿಗೆ ಒಯ್ದು ಭಂಡಾರ ಹಚ್ಚಿಸಿಕೊಂಡು ಬಂದಿದ್ದ. ಕಾಗದದ ಮೂಲೆ ಹಳದಿಯಾಗಿತ್ತು. ಹೊಲಸು ಮಾಡಿದಿ ಎಂದು ನಾನು ಸಿಟ್ಟಾಗಿದ್ದೆ.

ಆ ವರ್ಷ ನಮ್ಮ ಸೀಟು ಮಹಿಳೆಗೆ ಬಂದಿತ್ತು. ಹಿರಿಯರು ತಮ್ಮ ಸೊಸೆಯ ಹೆಸರು ಹೇಳಿದರು, ಗಂಡಸರೆಲ್ಲ ಭಂಡಾರ ಹಿಡಿದರು. ನಾಮಪತ್ರಕ್ಕೆ ವಾರ್ಡಿನವರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಹಾಕುವ ಗಂಡಸು ಒಬ್ಬನೂ ಇರಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, "ನಡಿ, ನಾ ಒತ್ತತೇನಿ," ಅಂದಳು.

ಪಂಚಾಯಿತಿಯಲ್ಲಿ ಗುಮಾಸ್ತ ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತ ಕೇಳಿದ, "ಯವ್ವಾ, ನಿಮ್ಮ ಮನ್ಯಾಗ ಭಂಡಾರ ಹಿಡದಾರಲ್ಲ, ಇದು ನಡೀತೈತೇನು?"

"ಹಿಡದಾಂವ ನಮ್ಮಣ್ಣ. ನನಗ ಯಾರು ಕೊಟ್ಟಾರು? ಹೆಂಗಸರನ್ನ ಆ ಕಟ್ಟಿ ಹತ್ತಸೂದ ಇಲ್ಲ."

ಅವ್ವ ಅದನ್ನು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ. ಊರಿನ ಓಟಿನಲ್ಲಿ ಅರ್ಧದಷ್ಟು ಈ ಆಣೆಯ ಹೊರಗಿತ್ತು. ಹೆಂಗಸರನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲವಾದ್ದರಿಂದ ಅವರನ್ನು ಕಟ್ಟಿಹಾಕುವುದನ್ನೂ ಮರೆತಿದ್ದರು.

ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಸಾಕಿತ್ತು. ಎರಡು ದಿನ ಬಿಟ್ಟು ಹಿರಿಯರು ನಮ್ಮ ಅಂಗಳಕ್ಕೆ ಬಂದು ಕೋಲು ಊರಿ ನಿಂತರು.

"ಏನವಾ, ಬಿಎ ಆಗೇದಿ ಅಂತ ಊರಿಗೆಲ್ಲಾ ಪಾಠಾ ಹೇಳಾಕ ಬಂದಿ ಏನು?"

"ಇಲ್ರಿ ಅಜ್ಜಾರ, ಓಟು ಕೇಳಾಕ ನಿಂತೇನಿ."

"ಹಾಕವರು ಯಾರು? ಗಂಡಸರೆಲ್ಲಾ ಭಂಡಾರ ಹಿಡದಾರ."

"ಹೆಂಗಸರು ಹಿಡದಿಲ್ಲಲ್ರಿ."

ಹಿರಿಯರು ನನ್ನ ಮುಖ ನೋಡಿದರು, ಕೋಲು ಎತ್ತಿಕೊಂಡು ಹೊರಟರು. ಗೆದ್ದೆ ಎಂದುಕೊಂಡೆ. ಕಾಲೇಜು ನನಗೆ ವಾದದಲ್ಲಿ ಗೆಲ್ಲುವುದನ್ನು ಕಲಿಸಿತ್ತು, ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿರಲಿಲ್ಲ. ಅವ್ವ ಒಳಗಿನಿಂದ ಅಂದಳು, "ಬಾಯಿಗೆ ಒಂದು ಬಾಗಲಾ ಹಚ್ಚಿಸಿಕೋ ಮೊದಲ. ಆಮ್ಯಾಲ ಪಾಯಖಾನಿಗೆ ಹಚ್ಚಿಸೀಯಂತ."

ಗಂಡಸರು ಕುರಿಯ ಹಿಂದೆ, ಹೊಲದ ಕಡೆ ಹೋದ ಹೊತ್ತಿನಲ್ಲಿ ನಾನು ಮನೆ ಮನೆ ತಿರುಗಿದೆ. ನನಗೆ ಕೊಟ್ಟ ಚಿಹ್ನೆ ಹೊಲಿಗೆ ಯಂತ್ರ, ಎದುರಿನವರದು ಆಟೊರಿಕ್ಷಾ. "ನಮ್ಮ ಓಣಿಗೆ ಇನ್ನೂ ಖರೇ ಆಟೋ ಬಂದಿಲ್ಲ, ಅದರ ಚಿತ್ರ ಬಂತ ನೋಡು," ಎಂದು ಒಬ್ಬಾಕೆ ನಕ್ಕಳು. ಇನ್ನೊಬ್ಬಾಕೆ ರೊಟ್ಟಿ ಬಡಿಯುತ್ತಲೇ, "ನೀ ಗೆದ್ರ ನನ್ನ ಜಂಪರ್ ಹೊಲದ ಕೊಡ್ತಿ ಹೌದಿಲ್ಲೋ? ಈ ಓಣ್ಯಾಗ ಹೊಲಿಯಾಕಿ ತೋಳ ಬಿಗಿ ಮಾಡ್ತಾಳ," ಅಂದಳು. ಬಾಗಿಲಿನ ಮಾತು ಬಂದಾಗ ಮಾತ್ರ ಯಾರೂ ನಗಲಿಲ್ಲ. ಹೊರಡುವಾಗ ಪ್ರತಿ ಮನೆಯಲ್ಲೂ ಉಡಿ ತುಂಬಿದರು. ಒಂದು ಹಿಡಿ ಅಕ್ಕಿ, ಒಂದು ಎಲೆ, ಒಂದು ಅಡಿಕೆ. ನಮ್ಮಲ್ಲಿ ಮನೆಮಗಳ ಉಡಿ ತುಂಬಿದ ಮೇಲೆ ಅವಳಿಗೆ ಎರಡು ಬಗೆಯುವುದಿಲ್ಲ. ಗಂಡಸರಿಗೆ ಭಂಡಾರ ಹೇಗೋ, ಹೆಂಗಸರಿಗೆ ಉಡಿ ಹಾಗೆ. ಸಂಜೆ ಅಕ್ಕಿ ಸುರುವಿ ಅಳೆದಾಗ ಅವ್ವನ ಮುಖದಲ್ಲಿ ನಾನು ಹಿಂದೆ ನೋಡಿರದ ಒಂದು ಬೆಳಕಿತ್ತು.

ಮತದಾನದ ಹಿಂದಿನ ದಿನ ಮಧ್ಯಾಹ್ನ ಗುಡಿಯ ಡೊಳ್ಳು ಕೇಳಿತು. ಹಬ್ಬ ಇರಲಿಲ್ಲ. ಹೊರಗೆ ಬಂದು ನೋಡಿದರೆ ಮಾವ ಹೆಗಲಿಗೆ ಭಂಡಾರದ ಚೀಲ ಹಾಕಿಕೊಂಡು ಓಣಿಯ ಮೊದಲ ಮನೆಯ ಹೊಸ್ತಿಲ ಮುಂದೆ ನಿಂತಿದ್ದ, ಅವನ ಹಿಂದೆ ಹಿರಿಯರು. ಹೆಂಗಸರನ್ನು ಕರೆದು, ಒಬ್ಬೊಬ್ಬರ ಅಂಗೈಗೆ ಭಂಡಾರ ಹಾಕಿಸುತ್ತಿದ್ದರು. ಬೀರಪ್ಪ ಮನೆ ಬಾಗಿಲಿಗೆ ಬಂದಾಗ ಕೈ ಹಿಂದೆ ಕಟ್ಟಿಕೊಳ್ಳುವ ಧೈರ್ಯ ಯಾರಿಗಿದೆ? ಹಿಂದಿನ ದಿನ ನನಗೆ ಅಕ್ಕಿ ಹಾಕಿದ ಕೈಗಳೇ ಒಂದೊಂದಾಗಿ ಮುಂದೆ ಬಂದವು. ನಾನು ನಡುವೆ ಹೋಗಿ, "ಮಾಮಾ, ಇದು ಕಾಯ್ದೆಕ್ಕ ವಿರುದ್ಧ," ಅಂದೆ.

"ದೇವರು ಮನಿಗೆ ಬರೂದು ಯಾವ ಕಾಯ್ದೆದಾಗ ತಪ್ಪು ಐತಿ, ತೋರಸು," ಅಂದರು ಹಿರಿಯರು. ಮಾವ ನನ್ನ ಕಡೆ ನೋಡಲಿಲ್ಲ.

ಕೊನೆಗೆ ನಮ್ಮದೇ ಮನೆ, ಅಂದರೆ ಅವನದೇ ಮನೆ. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ನನಗೂ ಕೊಡ್ತಿ ಏನಣ್ಣಾ?"

ಮಾವ ಚೀಲದಲ್ಲಿ ಕೈ ಹಾಕಿದ. ಕೈ ಒಳಗೇ ನಿಂತಿತು. ಹಿರಿಯರು ಕೆಮ್ಮಿದರು. ಆಮೇಲೆ ಅವಳ ಅಂಗೈಗೆ ಸುರಿದ. ಅವ್ವ ಅದನ್ನು ಹಣೆಗೆ ಹಚ್ಚಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. "ಇಷ್ಟು ವರ್ಷ ಕೊಡದಾಂವ ಇವತ್ತ ಯಾಕ ಕೊಟ್ಟಿ ಅಂತ ಬೀರಪ್ಪನ್ನ ನಾನ ಕೇಳ್ತೇನಿ. ನೀವು ನಡೀರಿ." ನನ್ನ ಕೈಗೆ ಮಾತ್ರ ಅವರು ಭಂಡಾರ ಕೊಡಲಿಲ್ಲ.

ಮತದಾನ ನಡೆಯಿತು. ಆಗದ ಮಾತು ಆಯಿತು. ನಾನು ಅಕ್ಷರ ಕಲಿತ ಸಾಲಿಯಲ್ಲೇ ಪೆಟ್ಟಿಗೆ ಇಟ್ಟಿದ್ದರು. ದೂರದಲ್ಲಿ ಬೇವಿನ ಗಿಡದ ಕೆಳಗೆ ಕೂತು, ಒಳಗೆ ಹೋಗುವ ಸೀರೆಗಳನ್ನು ನೋಡುತ್ತಿದ್ದೆ. ಹೊರಬಂದವರಲ್ಲಿ ಕೆಲವರು ನನ್ನ ಹತ್ತಿರ ಬಂದು ಕೈ ಹಿಡಿದರು. ಜಂಪರ್ ಕೇಳಿದ್ದ ಆಕೆ ಕಿವಿಯಲ್ಲಿ ಹೇಳಿದಳು, "ಚಿಂತಿ ಮಾಡಬ್ಯಾಡ ತಂಗಿ. ನಿನ್ನ ಉಡಿ ತಪ್ಪಿಸಿಲ್ಲ." ನನ್ನ ಎದೆ ಹಗುರಾಯಿತು. ಆಣೆ ಮುರಿದು ನನಗೆ ಹಾಕಿದ್ದಾರೆ ಎಂದೇ ತಿಳಿದೆ. ಮಾವನೂ ಬಂದು ಹೋದ, ಗಿಡದ ಕಡೆ ತಿರುಗದೆ.

ಎಣಿಕೆ ಬಾದಾಮಿಯಲ್ಲಿ. ಅವ್ವ ನನ್ನ ಏಜೆಂಟಾಗಿ ಬಂದಳು, ಬೇರೆ ಯಾರು ಬರಬೇಕು? ಮೇಜಿನ ಮೇಲೆ ಚೀಟಿಗಳನ್ನು ಸುರಿದು ಬಿಡಿಸತೊಡಗಿದರು. ಎರಡು ಗುಂಪು ಬೆಳೆಯುತ್ತ ಹೋದವು, ಸರಿಸುಮಾರು ಜೋಡಿಯಾಗಿ. ಆಮೇಲೆ ಮೂರನೆಯ ಗುಂಪೊಂದು ಹುಟ್ಟಿತು. ಅಧಿಕಾರಿ ಒಂದು ಚೀಟಿ ಎತ್ತಿ ನಮ್ಮ ಕಡೆ ತೋರಿಸಿದರು. ಹೊಲಿಗೆ ಯಂತ್ರದ ಮೇಲೆ ಒಂದು ಸಿಕ್ಕಾ, ಆಟೊರಿಕ್ಷಾದ ಮೇಲೆ ಒಂದು ಸಿಕ್ಕಾ. "ಎರಡೂ ಕಡೆ ಒತ್ಯಾರ. ಇದು ನಡಿಯೂದಿಲ್ಲ," ಎಂದು ಬದಿಗಿಟ್ಟರು. ಇನ್ನೊಂದು ಬಂತು, ಮತ್ತೊಂದು ಬಂತು. ಗೊತ್ತಾಗದೆ ಒತ್ತಿದ ಸಿಕ್ಕಾಗಳಾಗಿರಲಿಲ್ಲ ಅವು. ದೇವರ ಮುಂದೆ ಎರಡು ಎಡೆ ಇಟ್ಟ ಹಾಗೆ, ಎರಡೂ ಚಿಹ್ನೆಗಳ ನಟ್ಟನಡುವೆ, ನೆಟ್ಟಗೆ ಒತ್ತಿದ್ದವು. ಒಂದು ಉಡಿಗೆ, ಒಂದು ಭಂಡಾರಕ್ಕೆ. ಯಾರ ಮನಸ್ಸೂ ಮುರಿಯದ ಹಾಗೆ.

ಎಂ.ಎ. ಮುಗಿಸಿ ಈಗ ನಾನು ಹುನಗುಂದದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಗುಪ್ತ ಮತದಾನದ ಪಾಠ ಪ್ರತಿವರ್ಷ ಬರುತ್ತದೆ. ರಾಜ್ಯಶಾಸ್ತ್ರದಲ್ಲಿ ನಾನು ಕಾಲೇಜಿಗೇ ಮೊದಲು ಬಂದವಳು. ಆ ಹೆಂಗಸರಿಗೆ ನನ್ನ ಚಿಹ್ನೆ ಕಲಿಸಿದ್ದೆ. ಎರಡಕ್ಕೆ ಒತ್ತಿದರೆ ಒಂದೂ ಉಳಿಯುವುದಿಲ್ಲ ಎಂಬುದನ್ನು ಹೇಳಿಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಮುಂದಿನ ಚುನಾವಣೆಗೆ ಹಿರಿಯರು ಎಚ್ಚರಾಗಿದ್ದರು. ಹೆಂಗಸರನ್ನೂ ಗುಡಿಕಟ್ಟೆ ಹತ್ತಿಸಿದರು, ಮೊದಲೇ ಭಂಡಾರ ಕೊಟ್ಟರು. ಎದುರು ಯಾರೂ ನಿಲ್ಲಲಿಲ್ಲ. ನಮ್ಮ ಹೆಂಗಸರಿಗೆ ಆ ಕಟ್ಟೆಯ ಮೇಲೆ ಸಮಪಾಲು ಸಿಕ್ಕಿದ್ದು ಹೀಗೆ. ಶೌಚಾಲಯದಲ್ಲಿ ಇವತ್ತಿಗೂ ಕಣಿಕೆ ಇದೆ.

ಆ ದಿನ ಬಾದಾಮಿಯಲ್ಲಿ ಏಳು ಓಟಿಗೆ ಸೋತೆ. ಮೂರನೆಯ ಗುಂಪಿನಲ್ಲಿ ಹತ್ತೊಂಬತ್ತು ಇದ್ದವು.

"ಸರ್, ಇವು ನನಗ ಹಾಕಿದ ಓಟುರೀ," ಅಂದೆ. "ಮನಿಗೆ ಬಂದು ಹೆದರಿಸಿ ಆಣಿ ಹಾಕಿಸ್ಯಾರ್ರಿ. ಇವು ನನ್ನವು."

ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ತೆಗೆದು ಹೇಳಿದರು, "ನಿಮ್ಮವು ಅಂತ ನಾ ಹೆಂಗ ಹೇಳ್ಲಿ ತಂಗಿ? ಅವ್ರಿಗೂ ಒತ್ಯಾರಲ್ಲ."

ಅವ್ವ ಮೇಜಿನ ಮೇಲೆ ಬಾಗಿ ಆ ಚೀಟಿಗಳನ್ನೇ ನೋಡುತ್ತಿದ್ದಳು. ಓದು ಬರದವಳು, ಆದರೆ ಅವನ್ನು ಮುಖಗಳ ಹಾಗೆ ಒಂದೊಂದಾಗಿ ನೋಡುತ್ತಿದ್ದಳು. "ನಾ ಒಂದಕ್ಕ ಒತ್ತೇನಿ," ಅಂದಳು, ಅಧಿಕಾರಿಗೋ ನನಗೋ. "ಭಂಡಾರ ಇನ್ನೂ ಸೆರಗಿನಾಗ ಐತಿ."

ಮೈಕಿನಲ್ಲಿ ಫಲಿತಾಂಶ ಕೂಗಿದರು. ಹಿರಿಯರ ಸೊಸೆಯನ್ನು ಕರೆದು ಗೆದ್ದ ಪ್ರಮಾಣಪತ್ರ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ಹೆಸರಿನ ಮೇಲೆ ಬೆರಳು ಆಡಿಸಿ, ತುಟಿ ಅಲುಗಿಸಿ ಓದಿದಳು. ಒಂದು ಗಳಿಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳೂ ಅದೇ ಗೋಡೆ ದಾಟಿ, ಚಂಬು ಹಿಡಿದು ರಸ್ತೆಗೆ ಹೋಗುವವಳು.

ಗೇಟಿನ ಹೊರಗೆ ನಮ್ಮೂರಿನ ಟ್ರ್ಯಾಕ್ಟರ್ ನಿಂತಿತ್ತು. ಹಿರಿಯರು ಕೈ ಚಾಚಿದರು, ಸೊಸೆ ಪ್ರಮಾಣಪತ್ರವನ್ನು ಅವರ ಕೈಗಿತ್ತು ಸೆರಗು ಎಳೆದುಕೊಂಡು ಹಿಂದೆ ಸರಿದಳು. ಹಿರಿಯರು ಅದನ್ನು ತಲೆಯ ಮೇಲೆ ಎತ್ತಿ ಹಿಡಿದರು, ಡೊಳ್ಳು ಎದ್ದಿತು. ಗೆದ್ದವರ ಮೇಲೆ ಭಂಡಾರ ತೂರುವುದು ಪೂಜಾರಿಯ ಕೆಲಸ. ಮಾವ ಮುಷ್ಟಿ ತುಂಬಿ ತೂರಿದ. ಹಿರಿಯರ ರುಮಾಲು, ಸೊಸೆಯ ಸೆರಗು, ಆ ಕಾಗದ, ಎಲ್ಲ ಹಳದಿಯಾದವು.

ನಾನೂ ಅವ್ವನೂ ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದೆವು. ಹಿಂದೆ ಚಪ್ಪಲಿ ಸಪ್ಪಳ ಕೇಳಿತು. ಮಾವ ಡೊಳ್ಳು ಬಿಟ್ಟು ಬಂದಿದ್ದ. ಮೊಣಕೈಯವರೆಗೆ ಅರಿಷಿಣ ಮೆತ್ತಿದ್ದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮುಂದೆ ಹಿಡಿದು ನಿಂತಿದ್ದ.

"ಆ ಹತ್ತೊಂಬತ್ತರಾಗ ಒಂದು ನಂದು, ಯವ್ವಾ," ಅಂದ. "ಒಂದಕ್ಕ ಒತ್ತಿ ಬರಬೇಕಂತ ಹೋಗಿದ್ದೆ. ಕೈ ಕೇಳಲಿಲ್ಲ."