ಒಂಬತ್ತು ತುಂಡು ಕೇಕು, ಒಂದು ‘ನೋ, ಥ್ಯಾಂಕ್ ಯೂ’

ಹೋದ ಡಿಸೆಂಬರ್‌ನಲ್ಲಿ ಒಂದೇ ಸಂಜೆ ಒಂಬತ್ತು ತುಂಡು ಕೇಕ್ ತಿಂದೆ.

ಕದ್ದು ಅಲ್ಲ. ಎಲ್ಲರ ಕಣ್ಣೆದುರಿಗೇ, ಒಬ್ಬೊಬ್ಬರನ್ನೂ ಕೇಳಿ, ಅವರ ಒಪ್ಪಿಗೆ ಪಡೆದು ತಿಂದೆ. ಅದೂ ಇಂಗ್ಲಿಷಿನಲ್ಲಿ ಕೇಳಿ! ಎಪ್ಪತ್ತೆರಡು ವರ್ಷದ ಮುದುಕ ಇಂಥ ಸಾಧನೆ ಮಾಡಿದರೆ ಬೆಟಗೇರಿಯಲ್ಲಿ ಒಂದು ಶಾಲು, ಒಂದು ಹಾರವಾದರೂ ಸಿಗಬೇಕಿತ್ತು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂತ ಹೇಳುತ್ತೇನೆ, ಕೇಳಿ. ನಗುವುದಿದ್ದರೆ ಕೊನೆಗೆ ನಗಿ.

ನಮ್ಮ ಓಣಿಯ ತುದಿಗೆ ಗ್ರೇಸ್ ಟೀಚರ್ ಮನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಮುತ್ತಜ್ಜನ ಕಾಲದಿಂದ ಬೆಟಗೇರಿಯವರೇ. ಕನ್ನಡದಲ್ಲಿ ಬೈದರೆ ನಮಗಿಂತ ಖಡಕ್. ವಾರಕ್ಕೆ ಮೂರು ಸಂಜೆ ಅವರ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಮಾತಾಡುವ ಕ್ಲಾಸು. ಒಟ್ಟು ಎಂಟು ಜನ. ಅದರಲ್ಲಿ ನನ್ನ ಸೊಸೆ ರೇಣುಕಾ ಒಬ್ಬಳು.

ರೇಣುಕಾ ಡಿ.ಎಡ್ ಮಾಡಿದವಳು. ಮಕ್ಕಳಿಗೆ ಪಾಠ ಹೇಳಬೇಕೆಂದು ಭಾರೀ ಆಸೆ. ಎರಡು ಸಲ ನರ್ಸರಿ ಶಾಲೆಗಳ ಇಂಟರ್‌ವ್ಯೂಗೆ ಹೋದಳು. ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಅಂದ ಕೂಡಲೇ ಬಾಯಿ ಕಟ್ಟಿತು. ಎರಡೂ ಸಲ ವಾಪಸ್. ಎರಡನೇ ಸಲ ಬಂದವಳು ಸರ್ಟಿಫಿಕೇಟಿನ ಫೈಲನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಮೂರು ಕೌದಿ ಹೇರಿಬಿಟ್ಟಳು. ಆವತ್ತು ನಾನು ಕೂಡ ಚೇಷ್ಟೆ ಮಾಡಲಿಲ್ಲ. (ನನ್ನ ಹೆಂಡತಿಯನ್ನು ಕೇಳಿ, ಅಂಥ ದಿನಗಳು ನನ್ನ ಜೀವನದಲ್ಲಿ ಎಷ್ಟು ಕಡಿಮೆ ಅಂತ ಹೇಳುತ್ತಾಳೆ.)

ದಸರಾ ಆದಮೇಲೆ ಗ್ರೇಸ್ ಟೀಚರ್ ಒಂದು ಖಬರು ತಂದರು. ಅವರ ತಂಗಿಯ ಮಗಳು ನಿಶಾ ಹುಬ್ಬಳ್ಳಿಯಲ್ಲಿ ನರ್ಸರಿ ನಡೆಸುತ್ತಾಳೆ. ಸಂಕ್ರಾಂತಿ ಮುಗಿದ ಮೇಲೆ ಬೆಟಗೇರಿಯಲ್ಲೂ ಒಂದು ಶುರು ಮಾಡುತ್ತಾಳೆ. ಒಬ್ಬ ಟೀಚರ್ ಬೇಕು.

“ಕ್ರಿಸ್‌ಮಸ್ ಮುಂದ ಅಕಿ ಇಲ್ಲಿಗೇ ಬರ್ತಾಳ. ಹೆದರದ ನಾಲ್ಕು ಮಾತ ಆಡು, ಸಾಕು. ಉಳಿದದ್ದು ನಾ ಹೇಳೇನಿ,” ಅಂದರು.

ಫೈಲು ಕೌದಿಯಡಿಯಿಂದ ಎದ್ದು ಬಂತು.

ಇನ್ನು ನಾನು ಆ ಕ್ಲಾಸಿಗೆ ಯಾಕೆ ಹೋದೆ? ಸೊಸೆಗೆ ಜೊತೆಯಾಗಲಿ ಅಂತ. ಮನೆಯಲ್ಲಿ ಹೇಳಿದ್ದು ಹಾಗೆ. (ನಿಮಗೆ ಖರೆ ಹೇಳುತ್ತೇನೆ, ಗ್ರೇಸ್ ಟೀಚರ್ ಕೈಯ ಕೇಕ್ ನೀವು ತಿಂದಿಲ್ಲ.) ಇಂಗ್ಲಿಷ್ ಕಲಿಯುವ ಗರಜು ನನಗೇನಿತ್ತು? ಶಿರಹಟ್ಟಿಯ ಕಚೇರಿಯಲ್ಲಿ ಮೂವತ್ತೈದು ವರ್ಷ ಕ್ಲರ್ಕ್ ಆಗಿದ್ದವನು ನಾನು. ‘ವಿತ್ ರೆಫರೆನ್ಸ್ ಟು ದಿ ಅಬೋವ್’ ಅಂತ ನಾನು ಶುರು ಮಾಡಿದರೆ ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಪೆನ್ನು ಕೆಳಗಿಡುತ್ತಿದ್ದರು. ಮಾತಾಡುವುದು? ಅದರ ಪ್ರಸಂಗ ಬರಲಿಲ್ಲ. ನನ್ನ ಪುಣ್ಯ.

ಡಿಸೆಂಬರ್ ಬಂದದ್ದೇ ಟೀಚರ್ ಪುಸ್ತಕ ಮುಚ್ಚಿಸಿದರು. ಇನ್ನು ಹಬ್ಬದ ಕೆಲಸವೇ ಪಾಠ. ನಕ್ಷತ್ರ ಮಾಡುವುದು, ಏಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವುದು, ಕೇಕ್ ಸುಡುವುದು, ಎಲ್ಲ ಇಂಗ್ಲಿಷಿನಲ್ಲೇ. ಪಡಸಾಲೆಯಲ್ಲಿ ಕನ್ನಡ ಆಡಿದವರು ಒಂದು ಬಲೂನು ಊದಬೇಕು.

ಮೊದಲ ದಿನ ನಾನೊಬ್ಬನೇ ಹದಿನಾಲ್ಕು ಊದಿದೆ. ದಮ್ಮು ಇದ್ದವನಿಗೆ ಶಿಕ್ಷೆ ಎಲ್ಲಿಯದು?

ಮಗ್ಗದ ಮನೆಯ ಗಿರಿಜಕ್ಕ ‘ಕಟ್’, ‘ಫೋಲ್ಡ್’, ‘ಪೇಸ್ಟ್’ ಅನ್ನುತ್ತ ಸರಸರ ನಕ್ಷತ್ರ ಮಾಡಿದಳು. ದಿನವೆಲ್ಲ ನೂಲು ಹಿಡಿದ ಕೈ, ಕಾಗದ ಯಾವ ಲೆಕ್ಕ? ಗೋದಲಿಗೆ ಹೊಂಬಳದಿಂದ ಜೋಳದ ದಂಟು ಬಂತು. ರೇಣುಕಾ ಚಪ್ಪರ ಹಾಕಿದಳು. ನಾನು ಸುಮ್ಮನಿರಲೇ? ಮಣ್ಣಿನಲ್ಲಿ ಎರಡು ಹಕ್ಕಿ ಮಾಡಿ ಕುರಿಗಳ ನಡುವೆ ಇಟ್ಟೆ.

ಟೀಚರ್ ಕನ್ನಡಕ ಏರಿಸಿ, “ವಾಟ್ ಈಸ್ ದಿಸ್, ಬಸಣ್ಣಾರ?” ಅಂದರು.

“ಅವರ್ ಶಿರಹಟ್ಟಿ ಸೈಡ್ ಮಾಗಡಿ ಕೆರಿ ಬರ್ಡ್ಸ್, ಮೇಡಂ.”

“ಇನ್ ಬೆತ್ಲೆಹೇಮ್?”

“ಎವೆರಿ ಇಯರ್ ಕಮಿಂಗ್ ಫ್ರಂ ಫಾರಿನ್. ಆನ್ ದಿ ವೇ, ಟೀ ಕುಡ್ಯಾಕ ನಿಂತಾವು.”

“ಎರಡು ಬಲೂನ್ ಊದ್ರಿ!” ಅಂದುಬಿಟ್ಟು ಟೀಚರ್ ನಾಲಿಗೆ ಕಚ್ಚಿಕೊಂಡರು. ಅವರೂ ಒಂದು ಊದಿದರು. ರೇಣುಕಾ ಬಿದ್ದು ಬಿದ್ದು ನಕ್ಕಳು. ನಗುತ್ತಲೇ, “ಬರ್ಡ್ಸ್ ಆರ್ ಹಂಗ್ರಿ, ಟೀಚರ್. ಲೆಟ್ ದೆಮ್ ಸ್ಟೇ,” ಅಂದಳು. ಪೂರ್ತಿ ಎರಡು ವಾಕ್ಯ! ತಾನು ಆಡಿದ್ದು ಆಕೆಗೇ ಗೊತ್ತಾಗಲಿಲ್ಲ. ಟೀಚರ್ ನನ್ನ ಕಡೆ ನೋಡಿದರು. ನಾನು ಮೀಸೆ ತಿರುವಿದೆ. ಹಕ್ಕಿ ಯಾರವು?

ಈಗ ಕೇಕಿನ ವಿಷಯ. ಕುಕ್ಕರಿನ ತಳಕ್ಕೆ ಉಸುಕು ಹಾಕಿ, ಹದವಾಗಿ ಸುಟ್ಟು, ಟೀಚರ್ ತುಂಡು ಮಾಡಿ ತಟ್ಟೆ ನನ್ನ ಕೈಗೆ ಕೊಟ್ಟರು. ನಾನು ಹಂಚುವವನು. ಕೇಳಬೇಕಾದದ್ದು, ‘ವುಡ್ ಯು ಲೈಕ್ ಸಮ್ ಕೇಕ್?’ ಉತ್ತರ ಎರಡರಲ್ಲಿ ಒಂದು. ‘ಯೆಸ್, ಪ್ಲೀಸ್’ ಅಥವಾ ‘ನೋ, ಥ್ಯಾಂಕ್ ಯೂ.’

ಕೇಳಿದೆ. ಗಿರಿಜಕ್ಕ, “ನೋ, ಥ್ಯಾಂಕ್ ಯೂ.” ಅವಳ ಬಾಜೂಕಿನವಳು, “ನೋ, ಥ್ಯಾಂಕ್ ಯೂ.” ರೇಣುಕಾ ಎಲ್ಲರಿಗಿಂತ ಚಂದವಾಗಿ, “ನೋ, ಥ್ಯಾಂಕ್ ಯೂ.” ಎಂಟಕ್ಕೆ ಎಂಟೂ ನೋ!

“ಮೊಟ್ಟಿ ಹಾಕಿಲ್ರೆವಾ! ನಿಮ್ಮ ಸಲುವಾಗಿನ ಹಾಕಿಲ್ಲ,” ಅಂತ ಟೀಚರ್ ಕಂಗಾಲಾದರು.

ಮೊಟ್ಟೆಯ ಪ್ರಶ್ನೆಯೇ ಅಲ್ಲ ಅಂತ ನನಗೆ ಗೊತ್ತಿತ್ತು. ನಿಮಗೂ ಗೊತ್ತು. ನಮ್ಮ ಕಡೆ ಮೊದಲ ಸಲಕ್ಕೇ ‘ಹೂಂ’ ಅನ್ನುವವರು ಯಾರು? ಲಕ್ಷ್ಮೇಶ್ವರದ ಬೀಗರ ಮನೆಗೆ ಹೋದಾಗ ನಾನು ಎರಡನೇ ಹೋಳಿಗೆಗೆ ‘ಬ್ಯಾಡ್ರಿ’ ಅಂದು ಎಲೆಗೆ ಅಡ್ಡ ಕೈ ಹಿಡಿಯುತ್ತೇನೆ. ಆದರೆ ಬೆರಳು ಅಗಲ ಮಾಡಿಯೇ ಹಿಡಿಯುತ್ತೇನೆ, ತುಪ್ಪ ಇಳಿಯಬೇಕಲ್ಲ! ಬೀಗರು ಆಣೆ ಹಾಕುತ್ತಾರೆ, ನಾನು ಸೋಲುತ್ತೇನೆ. ‘ಬ್ಯಾಡ’ ಅಂದವರನ್ನು ಮತ್ತೆ ಕೇಳದೆ ಮುಂದೆ ಹೋಗುವ ಮನೆ ನಮ್ಮ ಸೀಮೆಯಲ್ಲಿ ಒಂದೂ ಇಲ್ಲ.

ಹೆಣ್ಣುಮಕ್ಕಳೂ ಎರಡನೇ ಸಲ ಕೇಳಲಿ ಅಂತ ಕಾಯುತ್ತಿದ್ದರು. ನಾನು ಕೇಳಲಿಲ್ಲ. ತಟ್ಟೆ ಹಿಡಿದು ಮೂಲೆಗೆ ಹೋಗಿ ಕುಳಿತೆ. ಎಂಟು ಅವರವು, ಒಂದು ನನ್ನದು.

ಮನೆಗೆ ಹೋಗುವಾಗ ರೇಣುಕಾ ಕೇಳಿದಳು, “ಮಾವಾರ, ನಾನು ಹೇಳಿದ್ದು ತಪ್ಪಾತೇನ್ರಿ? ನೀವು ಮತ್ತ ಕೇಳ್ಲೇ ಇಲ್ಲಲ್ರಿ?”

ಆಗ ಬಾಯಿ ಮುಚ್ಚಿಕೊಂಡಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ. “ತಪ್ಪಲ್ಲವಾ, ಅದ ಖರೆ ರೀತಿ!” ಅಂದೆ. “ಸಾಹೇಬ್ರ ಮಂದ್ಯಾಗ ಮೊದಲನೇ ಸಲಕ್ಕ ಯೆಸ್ ಅಂದ್ರ ಆಸೆಬುರಕಿ ಅಂತಾರ. ಏನ ಕೇಳಿದ್ರೂ ನೋ ಥ್ಯಾಂಕ್ ಯೂ ಅನ್ನು. ದೊಡ್ಡ ಮನಿತನ ಕಾಣಸ್ತೈತಿ.” ಮುಂದಿನ ವಾರವೂ ಕೇಕ್ ಇತ್ತು ನೋಡಿ. ಹಾದಿ ಸಾಫ್ ಮಾಡಿಕೊಂಡೆ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ನಿಶಾ ಬಂದರು. ಪಡಸಾಲೆ ತುಂಬ ಬಲೂನು (ಮುಕ್ಕಾಲು ನನ್ನವು), ಮೇಲೆ ಗಿರಿಜಕ್ಕನ ನಕ್ಷತ್ರ. ರೇಣುಕಾ ಹಳದಿ ಇಳಕಲ್ ಸೀರೆ ಉಟ್ಟು ಗೋದಲಿಯ ಹತ್ತಿರ ನಿಂತಿದ್ದಳು. ನಿಶಾ ನೇರ ಅಲ್ಲಿಗೇ ಹೋದರು. ಯಾರು ಮಾಡಿದ್ದು, ಹೇಗೆ ಮಾಡಿದಿರಿ, ಇವು ಯಾವ ಹಕ್ಕಿ? ರೇಣುಕಾ ಒಂದೊಂದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ತಡವರಿಸಿದಳು, ನಿಲ್ಲಲಿಲ್ಲ. ನಾನು ಕೇಕಿನ ತಟ್ಟೆಯ ಹಿಂದೆ ನಿಂತು ಎದೆ ಉಬ್ಬಿಸಿದೆ.

ನಿಶಾಗೆ ಸೇರಿತು. “ವುಡ್ ಯು ಲೈಕ್ ಟು ಟೀಚ್ ಇನ್ ಮೈ ಸ್ಕೂಲ್?” ಅಂದರು.

ರೇಣುಕಾ ಮುಗುಳ್ನಕ್ಕಳು. ಸೆರಗು ಸರಿಮಾಡಿಕೊಂಡಳು. ಎಷ್ಟು ಮರ್ಯಾದೆಯಿಂದ, ಎಷ್ಟು ಸ್ಪಷ್ಟವಾಗಿ ಹೇಳಿದಳು ಗೊತ್ತೇ?

“ನೋ, ಥ್ಯಾಂಕ್ ಯೂ.”

“ಓ. ಆಲ್ ರೈಟ್,” ಅಂದರು ನಿಶಾ. ಪಾಪ, ಮುಖ ಸಣ್ಣದಾಯಿತು. ಆಚೆ ತಿರುಗಿ ಗಿರಿಜಕ್ಕನ ನಕ್ಷತ್ರ ನೋಡತೊಡಗಿದರು.

ರೇಣುಕಾ ಅಲ್ಲೇ ನಿಂತಿದ್ದಳು. ಎರಡನೇ ಸಲ ಕೇಳುತ್ತಾರೆ ಅಂತ ನಗು ಹಾಗೇ ಇಟ್ಟುಕೊಂಡು ನಿಂತಿದ್ದಳು. ನಿಶಾ ಎರಡು ಹೆಜ್ಜೆ ದೂರ ಹೋದರು, ನಾಲ್ಕು ಹೆಜ್ಜೆ ಹೋದರು. ಆ ನಗು ನಿಧಾನವಾಗಿ ಇಳಿಯಿತು. ಆಮೇಲೆ ಆಕೆ ನನ್ನ ಕಡೆ ನೋಡಿದಳು.

ಮತ್ತೆ ಕೌದಿ, ಮತ್ತೆ ಟ್ರಂಕು. ಈ ಸಲ ಮುಚ್ಚಳ ಹಾಕಿದವನು ನಾನು.

ತಟ್ಟೆ ಇಟ್ಟು ಓಡಿದೆ. ನಿಶಾ ಎದುರಿಗೆ ನಿಂತು ಕೈಮುಗಿದೆ. ಕನ್ನಡ ನೆನಪಿಗೇ ಬರಲಿಲ್ಲ! ಬಂದದ್ದು ಮೂವತ್ತೈದು ವರ್ಷದ ಕಚೇರಿ.

“ರೆಸ್ಪೆಕ್ಟೆಡ್ ಮೇಡಂ, ವಿತ್ ರೆಫರೆನ್ಸ್ ಟು ದಿ ಅಬೋವ್ ನೋ, ಐ ಬೆಗ್ ಟು ಸ್ಟೇಟ್ ದಟ್ ದಿಸ್ ನೋ ಈಸ್ ನಾಟ್ ನೋ. ಇನ್ ಅವರ್ ಸೈಡ್, ಫಸ್ಟ್ ನೋ ಈಸ್ ಓನ್ಲಿ ಮರ್ಯಾದಿ. ಐ ಟೋಲ್ಡ್ ಹರ್ ರಾಂಗ್. ಫಾರ್ ಕೇಕ್. ಕೈಂಡ್ಲಿ ಆಸ್ಕ್ ಅಗೇನ್ ಅಂಡ್ ಆಬ್ಲೈಜ್.”

ಗ್ರೇಸ್ ಟೀಚರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. “ಒಂಬತ್ತು ತುಂಡು! ಅಯ್ಯ ನಿನ್ನ, ಬಸಣ್ಣಾ!” ‘ರಿ’ ಹೋಯಿತು, ‘ಬಸಣ್ಣಾರ’ದ ‘ಆರ’ ಹೋಯಿತು. ಬಲೂನಿನ ನೆನಪು ಯಾರಿಗೂ ಇರಲಿಲ್ಲ.

ನಿಶಾ ನಕ್ಕರು. “ನಮ್ಮ ಅಜ್ಜಿನೂ ಹಂಗ ಅಂತಿದ್ಲರಿ. ನಾನು ಹುಬ್ಬಳ್ಯಾಗ ಇದ್ದು ಮರ್ತೇಬಿಟ್ಟೇನಿ,” ಅಂದರು. ಆದರೆ ನಗು ನಿಲ್ಲಿಸಿ ಇನ್ನೊಂದು ಮಾತು ಸೇರಿಸಿದರು. “ಖರೆ, ನನ್ನ ಶಾಲಿ ಮಕ್ಕಳು ನೀರು ಬೇಕಂದ್ರ ಬೇಕು ಅಂತ ಬಾಯಿ ಬಿಟ್ಟು ಹೇಳಾಕ ಕಲೀಬೇಕು. ಅವರಿಗೆ ಕಲಿಸೋರು ಮೊದಲ ಹೇಳಬೇಕಲ್ರಿ? ನಿಮ್ಮ ಅರ್ಜಿ ನಡ್ಯಂಗಿಲ್ಲ, ಅಜ್ಜಾರ. ಅವರ ಹೇಳ್ಲಿ.”

ಮತ್ತೆ ರೇಣುಕಾಳ ಎದುರಿಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ.

ರೇಣುಕಾ ನೆಲ ನೋಡಿದಳು. ಬಾಯಿ ಕಟ್ಟಿತೇನೋ ಅಂದುಕೊಂಡೆ. ಹಿಂದಿನ ಎರಡು ಇಂಟರ್‌ವ್ಯೂ ಕಣ್ಣಮುಂದೆ ಬಂದವು. ಗಿರಿಜಕ್ಕ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದಳು. (ಆ ಗುರುತು ಎರಡು ದಿನ ಇತ್ತು.)

ತಲೆ ಎತ್ತಿದಳು. “ಯೆಸ್, ಪ್ಲೀಸ್,” ಅಂದಳು. ಅಷ್ಟಕ್ಕೇ ನಿಲ್ಲಲಿಲ್ಲ. “ಐ ವಾಂಟ್ ದಿಸ್ ಜಾಬ್. ಫಸ್ಟ್ ಟೈಮ್ ಆಲ್ಸೋ ಐ ವಾಂಟೆಡ್.”

ಅಷ್ಟು ಚೊಕ್ಕ ಇಂಗ್ಲಿಷನ್ನು ನಮ್ಮ ಕಚೇರಿಯ ಯಾವ ಫೈಲಿನಲ್ಲೂ ನಾನು ನೋಡಿಲ್ಲ.

ಆಮೇಲೆ ಟೀಚರ್ ಉಳಿದ ಕೇಕನ್ನು ತಾವೇ ಹಂಚಿದರು. ಈ ಸಲ ಎಂಟಕ್ಕೆ ಎಂಟೂ ‘ಯೆಸ್, ಪ್ಲೀಸ್’. ನನ್ನ ಹತ್ತಿರ ಬಂದಾಗ ತಟ್ಟೆಯಲ್ಲಿ ಕೊನೆಯ ತುಂಡು. “ವುಡ್ ಯು ಲೈಕ್ ಸಮ್ ಕೇಕ್?” ಅಂದರು. ಮಾಡಿದ ತಪ್ಪಿಗೆ ನಾಚಿಕೆಯಾಗಿತ್ತಲ್ಲ, ಬಾಯಿ ತಪ್ಪಿ, “ನೋ, ಥ್ಯಾಂಕ್ ಯೂ,” ಅಂದೆ.

ತಟ್ಟೆ ಮುಂದೆ ಹೋಯಿತು. ಆ ತುಂಡನ್ನು ನನ್ನ ಸೊಸೆ ನನ್ನನ್ನೇ ನೋಡುತ್ತ, ನಿಧಾನವಾಗಿ, ಬೆರಳು ನೆಕ್ಕಿ ತಿಂದಳು.

ಗ್ರೇಸ್ ಟೀಚರ್‌ಗೆ ಏನು ಕೊಡಲಿ? ನಮ್ಮ ಮಂದಿಗೆ ಬಾಯಿಬಿಟ್ಟು ಉಪಕಾರ ಹೇಳಿ ರೂಢಿಯಿಲ್ಲ. ಸಂಕ್ರಾಂತಿಗೆ ಹೆಂಡತಿ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹೊತ್ತುಕೊಂಡು ನಾನೇ ಹೋದೆ. ಬಾಗಿಲಲ್ಲಿ ನಿಂತು, “ಥ್ಯಾಂಕ್ ಯೂ, ಟೀಚರ್,” ಅಂದೆ. ಹಿಂದೆ ‘ನೋ’ ಇಲ್ಲದ ಥ್ಯಾಂಕ್ ಯೂ, ಎಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ಅವರು ಡಬ್ಬಿ ಇಸಕೊಳ್ಳುತ್ತ, “ಒಳಗ ಬರ್ರಿ, ಕುಂಡ್ರಿ,” ಅಂದರು. ‘ರಿ’ ವಾಪಸ್ ಬಂದಿತ್ತು. ನಿಮ್ಮಾಣೆ, ಕಣ್ಣಲ್ಲಿ ಏನೋ ಬಿತ್ತು.

ಮಣ್ಣಿನ ಹಕ್ಕಿಗಳು ಈಗ ರೇಣುಕಾಳ ನರ್ಸರಿಯ ಕಿಟಕಿಯಲ್ಲಿ ಕುಳಿತಿವೆ. ಆಕೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತಾಳೆ. ಹೊರಡುವ ಮುಂಚೆ ನನ್ನ ಎದುರು ನಿಂತು, “ಮಾವಾರ, ವುಡ್ ಯು ಲೈಕ್ ಸಮ್ ಟೀ?” ಅಂತ ಕೇಳುತ್ತಾಳೆ.

ಒಂದೇ ಸಲ ಕೇಳುತ್ತಾಳೆ. ‘ನೋ’ ಅನ್ನಲಿಕ್ಕೆ ನನಗೇನು ಹುಚ್ಚೇ?