ಎರಡನೆಯದನ್ನು ತೋರಿಸುವ ಹೊತ್ತು

ನನ್ನ ಮೊಮ್ಮಗಳು ಸುಜಾತಾ ಹೆಸರು ಮಾರುತ್ತಾಳೆ. ಬೀದರಿಗೆ ಹತ್ತಿದ ಮೈಲೂರಿನ ನಮ್ಮ ಓಣಿಯಲ್ಲಿ ಈ ಮಾತು ಯಾರಿಗೆ ಹೇಳಿದರೂ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ವಯಸ್ಸು ನೆನೆದು ಸುಮ್ಮನಾಗುತ್ತಾರೆ. ನಾನಂತೂ ಹೇಳುವುದು ಬಿಟ್ಟಿಲ್ಲ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತವರಿಗೆ ಹೇಳಿದ್ದೇನೆ, ಟ್ಯಾಂಕರಿನ ಡ್ರೈವರನಿಗೂ ಹೇಳಿದ್ದೇನೆ. ಹಲ್ಲಿನ ಡಾಕ್ಟರಿಗೆ, ಅವರ ಕೈ ನನ್ನ ಬಾಯೊಳಗಿದ್ದಾಗಲೇ ಹೇಳಲು ಹೋಗಿ ಬೈಸಿಕೊಂಡಿದ್ದೇನೆ. ಏನು ಮಾಡಲಿ, ಸಂತೋಷ ಮಡಚಿ ಇಟ್ಟುಕೊಳ್ಳಲು ನನ್ನ ಹೊಟ್ಟೆಯಲ್ಲಿ ಜಾಗ ಕಡಿಮೆ.

ನಾನು ನಾಲ್ಕನೇ ಇಯತ್ತೆ ಕಲಿತವಳು. ನನಗೆ ತಿಳಿದಷ್ಟು ನಿಮಗೆ ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಅಂಗಡಿ ಹಾಕಬೇಕಾದರೆ ಅದಕ್ಕೊಂದು ಹೆಸರು ಬೇಕು. ಅದನ್ನು ಡೊಮೇನ್ ಅನ್ನುತ್ತಾರೆ. ಮೊದಲು ಹೋಗಿ ಹಿಡಿದವರದೇ ಆ ಹೆಸರು. ಬೇಕಾದವರು ಆಮೇಲೆ ಅವರಿಂದಲೇ ಕೊಳ್ಳಬೇಕು. ಹೆಸರಿನ ಕೊನೆಗೆ ಒಂದು ಬಾಲ ಇರುತ್ತದೆ: ಡಾಟ್ ಕಾಮ್ ಅಂತ ಒಂದು, ಡಾಟ್ ಇನ್ ಅಂತ ಇನ್ನೊಂದು. ಹೆಸರು ಅದೇ ಆದರೂ ಬಾಲ ಬೇರೆಯಾದರೆ ಮಾಲು ಬೇರೆ. ಮನುಷ್ಯರಲ್ಲಿ ಈ ಬಿಗುವು ಇಲ್ಲ ನೋಡಿ. ನಮ್ಮ ಓಣಿಯಲ್ಲಿ ಮೂವರು ಸುಜಾತಾ ಇದ್ದಾರೆ, ಒಬ್ಬಳನ್ನು ಕರೆದರೆ ಮೂವರೂ ತಿರುಗುತ್ತಾರೆ, ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ನಮ್ಮ ಸುಜಾತಾ ಕಾಲೇಜಿನಲ್ಲಿದ್ದಾಗಲೇ ‘ಖಡಕ್ ರೊಟ್ಟಿ’ ಎಂಬ ಹೆಸರನ್ನು ಎರಡೂ ಬಾಲ ಸಮೇತ ಹಿಡಿದಿಟ್ಟಿದ್ದಳು. ‘ಹಂಚಿನ ಮ್ಯಾಗಿನ ರೊಟ್ಟಿ ಹೆಸರು ಯಾರು ತೊಗೋತಾರ?’ ಎಂದು ನಾನು ನಕ್ಕಿದ್ದೆ. ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಗಂಟು ಕಟ್ಟಿಕೊಂಡು ಪುಣೆಗೆ, ಹೈದರಾಬಾದಿಗೆ ಹೊರಟರು. ಹೋದವರಿಗೆ ಅಲ್ಲಿ ಕೆಲಸ ಸಿಕ್ಕಿತು, ಜೋಳದ ರೊಟ್ಟಿ ಸಿಗಲಿಲ್ಲ. ಭಾಲ್ಕಿಯಲ್ಲಿ ನರ್ಸಾಗಿದ್ದು ನಿವೃತ್ತಳಾದ ರೂತಮ್ಮ ಎಂಬಾಕೆ ಇದನ್ನು ಹಿಡಿದಳು. ಹೊಲದ ಕೆಲಸ ನಿಂತು ಕೈಕಟ್ಟಿ ಕುಳಿತಿದ್ದ ಹಲಬರ್ಗಾ ಹಳ್ಳಿಯ ಹೆಣ್ಣುಮಕ್ಕಳನ್ನು ಕೂಡಿಸಿ ಖಡಕ್ ರೊಟ್ಟಿ ಮಾಡಿಸಿದಳು, ಆ ಊರುಗಳಿಗೆ ಬಸ್ಸಿನಲ್ಲಿ ಕಳಿಸಿದಳು. ಬೇಡಿಕೆ ಏರಿತು. ಇಂಟರ್ನೆಟ್ಟಿನಲ್ಲಿ ಹೆಸರು ಬೇಕಾಯಿತು. ಹುಡುಕಿದರೆ ಡಾಟ್ ಕಾಮ್ ಇರುವುದು ನಮ್ಮ ಮನೆಯಲ್ಲಿ! ಆಕೆ ಫೋನ್ ಮಾಡಿದಳು, ಮಾತು ಕುದುರಿತು, ದುಡ್ಡು ಕೈಗೆ ಬರುವುದಿತ್ತು. ಅವಳ ಕಡೆ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸುವುದೊಂದು ಬಾಕಿ, ಅದೂ ಈ ಹೆಸರಿಗಾಗಿಯೇ ನಿಂತಿತ್ತು.

ಅಷ್ಟರಲ್ಲಿ ರೊಟ್ಟಿ ಮಷೀನು ಇಟ್ಟ ಬೀದರಿನ ವ್ಯಾಪಾರಿಯೊಬ್ಬ ಸುಜಾತಾಳನ್ನು ಕೇಳಿದ: ರೊಟ್ಟಿಯ ಹೆಸರು ಯಾವುದಾದರೂ ಇದ್ದರೆ ನನಗೆ ಕೊಡು. ಡಾಟ್ ಇನ್ ಇನ್ನೂ ಅವಳ ಹತ್ತಿರವೇ ಇತ್ತಲ್ಲ! ಅಂದು ಸಂಜೆ ಹುಡುಗಿ ಚಹಾ ಕುಡಿಯಲಿಲ್ಲ.

ನಾನು ಕೇಳಿದೆ, ‘ರೂತಮ್ಮಗ ಎರಡನೇದು ಅದ ಅಂತ ಹೇಳೀಯೇನು?’

‘ಹೇಳಿಲ್ಲ ಆಯಿ. ರೊಕ್ಕ ಕೈಗಿ ಬಂದ ಮ್ಯಾಲ ಹೇಳಬೇಕು ಅಂತ ತಿಳದವ್ರು ಬರದಾರ. ಮೊದಲೇ ಹೇಳಿದ್ರ ಗಿರಾಕಿ ಗಲಿಬಿಲಿ ಆಗಿ ಎರಡೂ ಬಿಟ್ಟು ಹೋಗ್ತದ.’

‘ತಿಳದವ್ರು ಎಂದಾದ್ರೂ ಸೀರಿ ಮಾರ್ಯಾರೇನು?’

‘ಆಯಿ, ಇದು ಸೀರಿ ಅಲ್ಲ!’

ಸೀರೆಯಲ್ಲ ನಿಜ. ಆದರೆ ಗಿರಾಕಿಯ ಮನಸ್ಸು ಅದೇ ತಾನೆ? ನಾನೂ ನನ್ನ ಯಜಮಾನರೂ ಸೀರೆ ಗಂಟು ಹೊತ್ತು ಸಂತೆ ತಿರುಗಿದವರು. ಒಂದೇ ನಮೂನೆಯ ಎರಡು ಸೀರೆ ಇದ್ದಾಗ ಎರಡನ್ನೂ ಒಟ್ಟಿಗೆ ಹರವಿದರೆ ಕೆಟ್ಟಿತು. ಈಗಷ್ಟೇ ಎದೆಗೆ ಹಚ್ಚಿಕೊಂಡಿದ್ದ ಸೀರೆಯನ್ನು ಕೊಳ್ಳಲು ಬಂದಾಕೆ ಕೆಳಗಿಡುತ್ತಾಳೆ. ‘ಆಮ್ಯಾಲ ಬರ್ತೇನಿ’ ಎಂದು ಹೋದವಳು ಮೆಣಸಿನಕಾಯಿ ಕೊಂಡು ಊರಿಗೆ ಹೋಗಿರುತ್ತಾಳೆ. ಹೇಳದೆ ಮುಚ್ಚಿಟ್ಟರೆ? ಅದನ್ನು ನನ್ನ ಯಜಮಾನರು ಮಾಡಿ ತೋರಿಸಿದರು. ಔರಾದದಲ್ಲಿ ಒಬ್ಬಾಕೆ ಮದುವೆಗೆಂದು ಮಾವಿನಕಾಯಿ ಅಂಚಿನ ಹಸಿರು ಸೀರೆ ಒಯ್ದಳು. ಇವರು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅದರ ಜೋಡಿಯನ್ನು ಇನ್ನೊಬ್ಬಾಕೆಗೆ ಕೊಟ್ಟು ಮೀಸೆ ತಿರುವಿದರು. ಇಬ್ಬರೂ ಒಂದೇ ಮನೆಯ ನೆಗೆಣ್ಣಿಯರು, ಅಣ್ಣನ ಹೆಂಡತಿ ಒಬ್ಬಳು, ತಮ್ಮನ ಹೆಂಡತಿ ಇನ್ನೊಬ್ಬಳು! ಅದೂ ಮಾತು ಬಿಟ್ಟವರು. ಮದುವೆ ಚಪ್ಪರದಲ್ಲಿ ಇಬ್ಬರೂ ಅದೇ ಹಸಿರಿನಲ್ಲಿ ಎದುರಾದರು. ಮುಂದಿನ ಸಂತೆಗೆ ಇಬ್ಬರೂ ಕೂಡಿಯೇ ಬಂದರು, ನಮ್ಮನ್ನು ಬೈಯಲು. ಅವರ ನಡುವೆ ಮಾತು ಶುರುವಾದದ್ದು ಹಾಗೆ. ಯಜಮಾನರು ಅದನ್ನೂ ತಮ್ಮ ಪುಣ್ಯವೆಂದೇ ಕೊನೆತನಕ ಹೇಳಿಕೊಂಡರು.

ಹಾಗಾದರೆ ಹೇಳುವ ಹೊತ್ತು ಯಾವುದು? ಸೀರೆ ಆಕೆಯ ಮಡಿಲಿಗೆ ಬಿದ್ದಿರಬೇಕು, ದುಡ್ಡಿನ ಗಂಟು ಇನ್ನೂ ಬಿಚ್ಚಿರಬಾರದು. ಆ ನಡುವೆ ಒಂದು ಉಸಿರಿನಷ್ಟು ಸಮಯ ಇರುತ್ತದೆ. ಆಗ ಹೇಳಬೇಕು, ‘ಇಂಥಾದೇ ಇನ್ನೊಂದು ಅದ ನೋಡವ್ವ, ಬೇಕಂದ್ರ ಅದ, ಬ್ಯಾಡಂದ್ರ ಇಲ್ಲ’ ಎಂದು. ಹೇಳಿ ಬೇರೆ ಕಡೆ ನೋಡಬೇಕು. ಬೇರೆ ಕಡೆ ನೋಡುವುದೇ ಕಷ್ಟದ ಕೆಲಸ. ನನಗೆ ಕತ್ತು ನೋಯುತ್ತಿತ್ತು.

‘ಎರಡನೇದು ಅದ, ಬ್ಯಾರೇರು ಕೇಳ್ಲಿಕ್ಕತ್ತಾರ ಅಂದ್ರ ಹೆದರಿಸಿದ್ಹಂಗ ಆಗ್ತದ, ಆಯಿ,’ ಎಂದಳು ಸುಜಾತಾ.

‘ರೊಕ್ಕ ಇಸ್ಕೊಂಡ ಮ್ಯಾಲ ಹೇಳಿದ್ರ? ಈಕಿ ಇನ್ನೂ ಏನೇನು ಮುಚ್ಚಿಟ್ಟಾಳೋ ಅಂತ ಅನಸಂಗಿಲ್ಲೇನು?’

ಅದು ಹುಡುಗಿಯ ಮೊದಲ ವ್ಯಾಪಾರ. ಕೆಟ್ಟರೆ ‘ಹೆಸರು ಮಾರಾಕಿ’ ಎಂದು ಓಣಿ ನಗುತ್ತದೆ. ಓಣಿಗೆ ಹೇಳಿಟ್ಟವಳು ನಾನೇ. ಆದರೂ ಮರುದಿನ ಅವಳು ಫೋನ್ ಹಚ್ಚಿದಳು. ಇನ್ನೊಂದು ಬಾಲದ ಹೆಸರೂ ತನ್ನ ಹತ್ತಿರ ಇದೆ, ಬೇರೆಯವರು ಕೇಳುತ್ತಿದ್ದಾರೆ, ನಿಮಗೆ ತಿಳಿದಿರಲಿ ಎಂದಳು. ‘ಹಂಗೇನು? ನೋಡ್ತೇನಿ ತಾಯಿ,’ ಎಂದು ಫೋನ್ ಇಟ್ಟಳು ರೂತಮ್ಮ.

ಅಷ್ಟೇ. ಮತ್ತೆ ಫೋನಿಲ್ಲ. ಸುಜಾತಾ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಚಹಾಕ್ಕೆ ಮಾತ್ರ ಸಕ್ಕರೆ ಕಡಿಮೆಯಾಯಿತು. ಸೀರೆಯ ಲೆಕ್ಕ ಸೀರೆಗೇ ಸರಿಯೇನೋ, ಕಂಪ್ಯೂಟರಿನ ಗಿರಾಕಿಗೆ ಮಡಿಲೂ ಇಲ್ಲ, ಗಂಟೂ ಇಲ್ಲ, ನಾನು ಸುಮ್ಮನಿರಬೇಕಿತ್ತು ಎಂದು ಒಳಗೊಳಗೇ ಹಳಹಳಿಸಿದೆ. ಆ ವಾರ ಯಾರ ಮುಂದೆಯೂ ಮೊಮ್ಮಗಳ ಸುದ್ದಿ ಎತ್ತಲಿಲ್ಲ. ಟ್ಯಾಂಕರಿನ ಡ್ರೈವರನೇ, ‘ಆರಾಮ ಅದೀರೇನಮ್ಮ?’ ಎಂದು ಕೇಳಿದ.

ಒಂದು ಬೆಳಿಗ್ಗೆ ಬಾಗಿಲಲ್ಲಿ ದಪ್ಪ ಕನ್ನಡಕದ ಹೆಂಗಸು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ‘ಸುಜಾತಾ ಅಂಬಾಕಿ ಯಾರ್ರಿ? ನಾ ಭಾಲ್ಕಿ ರೂತಮ್ಮ.’

ಕುಳಿತು ನೀರು ಕುಡಿದು ಹೇಳಿದಳು, ‘ಖರೆ ಹೇಳ್ತೇನಿ, ಮೊದಲು ಭಾಳ ಸಿಟ್ಟು ಬಂದಿತ್ತು. ಹುಡುಗಿ ನನ್ನ ಹೆದರಿಸ್ಲಿಕ್ಕತ್ತಾಳ ಅಂದ್ಕೊಂಡೆ. ನಮ್ಮ ರೊಟ್ಟಿ ಬಡಿಯೋ ಹೆಣ್ಮಕ್ಕಳೇ ನಕ್ಕರು. ಹೆದರಸಾಕಿ ಆಗಿದ್ರ ರೊಕ್ಕ ಇಸ್ಕೊಂಡ ಮ್ಯಾಲ ಹೆದರಸ್ತಿದ್ಳು, ಮೊದಲೇ ಯಾಕ ಹೇಳ್ತಿದ್ಳು ಅಮ್ಮ, ಅಂದ್ರು. ಅದಕ್ಕ ಹುಡುಗಿ ಮುಖ ನೋಡಿ ತೊಗೊಳ್ಳೂಣು ಅಂತ ಬಂದೇನಿ. ಡಾಟ್ ಕಾಮ್ ಕೊಡು. ಎರಡನೇದು ಈಗ ನಮ್ಮ ಕೈಲಾಗಂಗಿಲ್ಲ, ತಾಯಿ.’

ನಾನು ವಾಡಿಕೆಯಂತೆ ಬೇರೆ ಕಡೆ ನೋಡಿದೆ.

ಸುಜಾತಾ ಅಂದಳು, ‘ಇರ್ಲಿ ಬಿಡ್ರಿ. ಅದು ನನ್ನ ಹತ್ರನೇ ಇರ್ತದ. ರೊಟ್ಟಿ ಮಾರೋ ಬ್ಯಾರೇರಿಗಿ ಕೊಡಂಗಿಲ್ಲ. ನಿಮ್ಮ ಕೈಲಾದಾಗ ಹೇಳ್ರಿ.’

ಈ ಮಾತು ನಾನು ಕಲಿಸಿದ್ದಲ್ಲ. ತಿಳಿದವರೂ ಬರೆದಿರಲಿಕ್ಕಿಲ್ಲ. ಅಷ್ಟು ಸಂತೆ ತಿರುಗಿದ ನಾನು ಜೋಡಿ ಸೀರೆಯನ್ನು ಮೊದಲನೆಯದು ಕೊಂಡವಳ ಓಣಿಯಲ್ಲಿ ಮಾರದೆ ಇಟ್ಟದ್ದು ಉಂಟು, ಆದರೆ ಗಿರಾಕಿಗೆ ಮಾತು ಕೊಟ್ಟು ಇಟ್ಟವಳಲ್ಲ. ನನ್ನ ಕಣ್ಣು ತುಂಬಿತು. ರೂತಮ್ಮ ತಂದ ರೊಟ್ಟಿಯ ಗಂಟು ಬಿಚ್ಚುವ ನೆಪ ಮಾಡಿ ಬಗ್ಗಿದೆ.

ವ್ಯವಹಾರ ಮುಗಿಯಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದ ರೂತಮ್ಮ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದಳು. ‘ಅಮ್ಮಾರ, ನಮ್ಮ ಹೆಣ್ಮಕ್ಕಳಿಗಿ ಈ ಕಂಪ್ಯೂಟರ್ ಕಲಸ್ಲಿಕ್ಕ ಒಂದು ಹುಡುಗಿ ಬೇಕಾಗ್ಯಾಳ. ಇಂಥಾಕಿನೇ ಇನ್ನೊಬ್ಬಾಕಿ ಮೊಮ್ಮಗಳು ಅದಾಳೇನ್ರಿ ನಿಮ್ಮ ಹತ್ರ?’

‘ಇಲ್ರಿ,’ ಎಂದೆ ನಾನು, ‘ಇದು ಒಂದೇ ಪೀಸು.’